ಟಾಕ್‌ಬ್ಯಾಕ್ ಕನ್ನಡ ಮಾತಾಡುವ ತನಕ ಅಂಗಡಿ ಬಿಟ್ಟು ಏಳಬೇಡಿ

ನನಗೆ ಕಣ್ಣು ಕಾಣುವುದಿಲ್ಲ. ಹಳೇ ಫೋನು ಸಿಮ್ಮಿನ ಸಮೇತ ಮಳೆನೀರಿಗೆ ಬಿದ್ದು ಸತ್ತಿತು. ಶಿವಮೊಗ್ಗಕ್ಕೆ ಹೋಗಿ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ಹೊಸ ಆಂಡ್ರಾಯ್ಡ್ ಕೊಂಡೆ. ಡಬ್ಬಿ ಒಡೆದ ಕೂಡಲೇ ಎರಡೂ ವಾಲ್ಯೂಮ್ ಗುಂಡಿ ಒತ್ತಿ ಹಿಡಿದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇಂಗ್ಲಿಷಿನಲ್ಲಿ ಬಾಯಿಬಿಟ್ಟಿತು.

ಅಷ್ಟರಲ್ಲಿ ಅಂಗಡಿ ಹುಡುಗ, "ಕೊಡಿ ಸಾರ್, ಇದು ಆನ್ ಇದ್ರೆ ಟಚ್ಚೇ ಆಗಲ್ಲ. ಸೆಟ್ಟಿಂಗ್ ಮುಗ್ಸಿ ಆಮೇಲೆ ಹಾಕ್ಕೊಡ್ತೀನಿ" ಅಂದ. ಟಚ್ ಆಗುತ್ತದೆ ಮಾರಾಯ್ರೆ. ಒಂದು ಸಲ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಅಷ್ಟೆ. ನನಗೋ ಹೊಸನಗರದ ಬಸ್ಸಿನ ಅವಸರ, ಕೊಟ್ಟುಬಿಟ್ಟೆ.

ಹೊಸ ಸಿಮ್ಮಿನ ಫೋಟೋಕ್ಕೆ "ಕಣ್ಣು ಮಿಟುಕಿಸಿ" ಅಂತ ಐದಾರು ಸಲ ಹೇಳಿಸಿಕೊಂಡದ್ದು ಬೇರೆ. ರೆಪ್ಪೆ ಮಿಟುಕಿಸಲಾಗದವರಿಗೆ ಕೆವೈಸಿಯಲ್ಲಿ, ಅಂದರೆ ಗುರುತು ಖಚಿತಪಡಿಸುವಲ್ಲಿ, ಬೇರೆ ದಾರಿ ಇರಬೇಕು ಅಂತ ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದೇ ಹೇಳಿದೆ. ಆ ತೀರ್ಪು ಈ ಕೌಂಟರಿಗೆ ಇನ್ನೂ ಬಂದು ಮುಟ್ಟಿರಲಿಲ್ಲ.

ಮನೆಗೆ ಬಂದು ನೋಡಿದರೆ ಫೋನು ಮೂಕ. ಹುಡುಗ ಟಾಕ್‌ಬ್ಯಾಕ್ ಜೊತೆ ವಾಲ್ಯೂಮ್ ಗುಂಡಿಯ ಶಾರ್ಟ್‌ಕಟ್ಟನ್ನೂ ಆಫ್ ಮಾಡಿದ್ದ. ಗುಂಡಿ ಹಿಡಿದರೆ ಸದ್ದು ಕಮ್ಮಿ ಜಾಸ್ತಿ ಆಗುತ್ತಿತ್ತೇ ಹೊರತು ಬೇರೇನಿಲ್ಲ. ಕರೆ ಬಂದರೆ ಗಾಜು ಉಜ್ಜಿ ಉಜ್ಜಿ ಸೋತೆ. ಯಾರದ್ದೆಂದೂ ತಿಳಿಯದು. ಮೂರನೇ ದಿನ ಸಾಗರದಿಂದ ತಂಗಿ ಹೆದರಿಕೊಂಡು ಓಡಿಬಂದಳು.

ಅವಳಿಗೂ ಫೋನು ತೆರೆಯಲಿಲ್ಲ. ಲಾಕಿನ ಪಿನ್ ಇಟ್ಟವನು ಆ ಹುಡುಗ. ಬಿಲ್ಲಿನಲ್ಲಿದ್ದ ನಂಬರಿಗೆ ಮಾಡಿದರೆ, "1234 ಮೇಡಂ, ಎಲ್ರಿಗೂ ಅದನ್ನೇ ಇಡೋದು" ಅಂದನಂತೆ!

ಟಾಕ್‌ಬ್ಯಾಕ್ ಆನ್ ಆಯಿತು. ಆದರೆ ಕನ್ನಡದ ಮೆಸೇಜು ಬಂದಲ್ಲೆಲ್ಲ ಮತ್ತೆ ಮೌನ, ಯಾಕೆಂದರೆ ಕನ್ನಡ ಓದುವ ಧ್ವನಿಯನ್ನು ಡೌನ್‌ಲೋಡ್ ಮಾಡಿಕೊಂಡಿರಲೇ ಇಲ್ಲ. ನಮ್ಮ ಮನೆಯಲ್ಲಿ ಕರೆ ಬಂದರೂ ಇಂಟರ್ನೆಟ್ ಎಲ್ಲಿದೆ?

ಹಾಗಾಗಿ, ಬಸ್ಸು ತಪ್ಪಿದರೂ ಸರಿ, ಕನ್ನಡ ಧ್ವನಿಯನ್ನು ಅಂಗಡಿಯ ವೈಫೈಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಟಾಕ್‌ಬ್ಯಾಕ್ ಆಫ್ ಮಾಡಿ, ಮತ್ತೆ ಎರಡೂ ವಾಲ್ಯೂಮ್ ಗುಂಡಿ ಹಿಡಿದು ನಿಮ್ಮ ಕೈಯಾರೆ ಆನ್ ಮಾಡಿ ನೋಡಿ. ಒಂದು ಕರೆ ಮಾಡಿಸಿಕೊಂಡು ಎತ್ತಿ. ಎರಡು ಬೆರಳಲ್ಲಿ ಎರಡು ಸಲ ತಟ್ಟಿದರೆ ಸಾಕು. ಪಿನ್ ಮಾತ್ರ ಬೇರೆಯವರಿಗೆ ಕೇಳಿಸದಂತೆ ಇಯರ್‌ಫೋನ್ ಹಾಕಿಕೊಂಡು ನೀವೇ ಒತ್ತಿ.

ಕೊನೆಗೆ ತಂಗಿ ಕೊಡೆ ಹಿಡಿದು ನನ್ನನ್ನು ಇಂಟರ್ನೆಟ್ ಸಿಗುವ ಗುಡ್ಡದ ನೆತ್ತಿಗೆ ಕರೆದುಕೊಂಡು ಹೋದಳು. ಧ್ವನಿ ಡೌನ್‌ಲೋಡ್ ಆಗುವಷ್ಟರಲ್ಲಿ ಇಬ್ಬರಿಗೂ ಉಂಬಳ ಹತ್ತಿತ್ತು. ಫೋನು ಕನ್ನಡದಲ್ಲಿ ಓದಿದ ಮೊದಲ ಮೆಸೇಜು ಅವಳದ್ದೇ: "ಅಣ್ಣಾ, ಯಾಕೆ ಫೋನ್ ಎತ್ತುತ್ತಿಲ್ಲ?"