ಎನ್‌ಇಎಸ್ ಕ್ಲಾಸಿಕ್‌ಗೆ 'ಗೇಮ್ ತುಂಬ್ಕೊಡ್ತೀವಿ' ಅನ್ನೋರ ಕೈಗೆ ಕೊಡೋ ಮುಂಚೆ ಇದನ್ನೊಂದ್ಸಲ ಓದಿ

ನಿಂಟೆಂಡೊದ ಎನ್‌ಇಎಸ್ ಕ್ಲಾಸಿಕ್ ಎಡಿಷನ್ ಅಂತ, ಟಿವಿಗೆ ಹಾಕಿ ಹಳೇ ವಿಡಿಯೋ ಗೇಮ್ ಆಡೋ ಅಂಗೈಯಗಲದ ಪುಟಾಣಿ ಕನ್ಸೋಲ್ ಇದ್ಯಲ್ಲ, ಅದು ನಿಮ್ಮನೇಲಿದ್ದು ಯಾರಾದ್ರೂ ಬಂದು ಇದಕ್ಕೆ 700 ಗೇಮ್ ಹಾಕ್ಕೊಡ್ತೀನಿ ಅಂದ್ರೆ ದಯವಿಟ್ಟು ಕೊಡ್ಬೇಡಿ. ನಾನು ಕೊಟ್ಟೆ. ಮಗಳು ಮೂರು ತಿಂಗಳು ಕೂತು ಆಡಿದ್ದೆಲ್ಲ ಒಂದೇ ದಿನಕ್ಕೆ ಹೋಯ್ತು.

ನಾವಿರೋದು ನ್ಯೂಜೆರ್ಸಿಲಿ. 2016ರ ನವೆಂಬರ್‌ನಲ್ಲಿ ಇದು 60 ಡಾಲರ್‌ಗೆ ಬಂದಾಗ ಯಾವ ಅಂಗಡಿಗೆ ಹೋದ್ರೂ ಖಾಲಿ ಖಾಲಿ, 2017ರ ಏಪ್ರಿಲ್‌ನಲ್ಲಿ ಮಾಡೋದನ್ನೇ ನಿಲ್ಸಿಬಿಟ್ರು, 2018ರ ಜೂನ್ ಕೊನೇಲಿ ಮತ್ತೆ ಬಿಟ್ಟಾಗ ನನಗೊಂದು ಸಿಕ್ತು. ಒಳಗೆ 30 ಗೇಮ್ ಇರುತ್ತೆ, ಬೇರೆ ಗೇಮ್ ಹಾಕ್ಕೊಳ್ಳೋಕೆ ಕಂಪನಿಯವ್ರು ದಾರಿ ಇಟ್ಟಿಲ್ಲ. ಮಾರಿಯೋ ಇದೆ, ಪ್ಯಾಕ್‌ಮ್ಯಾನ್ ಇದೆ, ಜೆಲ್ಡಾ ಇದೆ, ಆದ್ರೆ ಕಾಂಟ್ರಾ ಇಲ್ಲ! ಅದರ ಮುಂದಿನ ಭಾಗ ಸೂಪರ್ ಸಿ ಇದೆ ಅಷ್ಟೆ. ದಾವಣಗೆರೆಲಿ ಬೇಸಿಗೆ ರಜ ಪೂರ್ತಿ ನಾನು ನಮ್ಮಣ್ಣ ಕ್ಯಾಸೆಟ್ ಊದಿ ಊದಿ ಹಾಕಿ ಆಡಿದ್ದು ಕಾಂಟ್ರಾನೇ. ಡಕ್ ಹಂಟೂ ಇಲ್ಲ, ಅದು ಬಿಡಿ, ಅದನ್ನ ಆಡೋ ಗನ್ನು ಹಳೇ ಡಬ್ಬಾ ಟಿವಿಲಿ ಮಾತ್ರ ಕೆಲಸ ಮಾಡೋದು, ಈಗಿನ ಟಿವಿಲಿ ಆಗಲ್ಲ.

ಅಣ್ಣ ಅತ್ತಿಗೆ ಅಪ್ಪ ಅಮ್ಮ ಎಲ್ರೂ ಇಲ್ಲಿಗೆ ಬರೋರಿದ್ರು. ಅಣ್ಣ ಬರೋಷ್ಟರಲ್ಲಿ ಕಾಂಟ್ರಾ ರೆಡಿ ಇಟ್ಟಿರ್ಬೇಕು ಅಂತ ಆಸೆ. ಹ್ಯಾಕ್ಚಿ ಅನ್ನೋ ಸಾಫ್ಟ್‌ವೇರಲ್ಲಿ ಇದನ್ನ ನಾವೇ ಮಾಡ್ಕೋಬಹುದು ಅಂತ ಗೊತ್ತಿತ್ತು, ಆದ್ರೆ ಏನಾದ್ರೂ ಕೆಡ್ಸಿಬಿಟ್ರೆ ಅನ್ನೋ ಭಯಕ್ಕೆ ಹತ್ರದ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. 40 ಡಾಲರ್, ಎರಡು ದಿನ. ರಸೀದಿ ಕೇಳಿದ್ದಕ್ಕೆ 'ಇದಕ್ಕೆಲ್ಲ ರಸೀದಿ ಕೊಡಲ್ಲ' ಅಂದ, ಆಗ್ಲೇ ವಾಪಸ್ ಇಸ್ಕೊಂಡು ಬರ್ಬೇಕಿತ್ತು.

ಬಂದ ಮೇಲೆ ಹತ್ತು ದಿನ ಚೆನ್ನಾಗೇ ಇತ್ತು. ಆಮೇಲೆ ಒಂದು ಸಂಜೆ ಮಗಳು 'ಅಪ್ಪಾ, ಸೇವ್ ಆಗ್ತಿಲ್ಲ' ಅಂತ ಕರೆದ್ಲು. ಇದರಲ್ಲಿ ರೀಸೆಟ್ ಒತ್ತಿದ್ರೆ ಆಟ ಅಲ್ಲೇ ನಿಂತು ಮೆನುಗೆ ಬರುತ್ತೆ, ನಿಂತ ಜಾಗವನ್ನ ಕೆಳಗಿರೋ ನಾಲ್ಕು ಸ್ಲಾಟಲ್ಲಿ ಒಂದಕ್ಕೆ ಹಾಕಿಟ್ಕೋಬಹುದು. ಅವಳು ಜೆಲ್ಡಾದಲ್ಲಿ ಏಳನೇ ಡಂಜನ್‌ಗೆ (ನೆಲಮಾಳಿಗೆ ಥರದ ಹಂತಕ್ಕೆ) ಬಂದಿದ್ಲು, ಒಟ್ಟು ಒಂಬತ್ತಿರೋದು. ಗಣಿತದ ಚೌಕದ ಪುಸ್ತಕದಲ್ಲಿ ಪೆನ್ಸಿಲಲ್ಲಿ ಮ್ಯಾಪ್ ಬರ್ಕೊಂಡು, ಬಾಂಬ್ ಇಟ್ರೆ ಒಡೆಯೋ ಗೋಡೆಗೆಲ್ಲ ಕೆಂಪು ಚುಕ್ಕೆ ಇಟ್ಕೊಂಡು ಆಡ್ತಿದ್ಲು.

ಆಗಿದ್ದೇನು ಅಂತ ನನಗೆ ಆಮೇಲೆ ಅರ್ಥ ಆಯ್ತು. ಈ ಕನ್ಸೋಲ್ ಒಳಗಿರೋದೇ 512 ಎಂಬಿ, ಅದ್ರಲ್ಲಿ ನಮಗೆ ಸಿಗೋದು ಹೆಚ್ಚುಕಮ್ಮಿ 300. ಎನ್‌ಇಎಸ್ ಗೇಮ್‌ಗಳಿಗೆ ಇದು ಧಾರಾಳ, ಮಾರಿಯೋ ಬರೀ 40 ಕೆಬಿ, ಕಾಂಟ್ರಾ 128 ಕೆಬಿ ಅಷ್ಟೆ. ಆದ್ರೆ ಅಂಗಡಿಯವನು 700 ಅನ್ನೋ ಲೆಕ್ಕ ತುಂಬ್ಸೋಕೆ ಬೇರೆ ಕನ್ಸೋಲ್‌ಗಳ ಗೇಮೂ ಓಡ್ಸೋ ರೆಟ್ರೋಆರ್ಚ್ ಅನ್ನೋ ಸಾಫ್ಟ್‌ವೇರ್ ಹಾಕಿ, ಸೆಗಾದ ಗೇಮು, ಸೂಪರ್ ನಿಂಟೆಂಡೊ ಗೇಮು, ಪ್ಲೇಸ್ಟೇಷನ್ ಗೇಮು ಅಂತ ಕತ್ತಿನ ತನಕ ತುರುಕಿದ್ದ. ಸೇವ್ ಬರೆಯೋದೂ ಅದೇ ಜಾಗದಲ್ಲೇ, ಜಾಗ ಇಲ್ಲ ಅಂದ್ಮೇಲೆ ಎಲ್ಲಿ ಬರೆಯುತ್ತೆ?

ಅವತ್ತು ನಾನು ಒಂದಷ್ಟು ಗೇಮ್ ತೆಗೆದಿದ್ರೆ ಸಾಕಿತ್ತು, ಹಳೇ ಸೇವ್ ಎಲ್ಲ ಉಳೀತಿತ್ತು. ಗೊತ್ತಿರ್ಲಿಲ್ಲ, ಮತ್ತೆ ಅದೇ ಅಂಗಡಿಗೆ ತಗೊಂಡೋದೆ. 'ಸೇವ್ ಮಾತ್ರ ಹುಷಾರು, ಮಗೂದು' ಅಂತ ಎರಡು ಸಲ ಹೇಳ್ದೆ. ಅವನು ಡೇಟಾ ಇರೋ ಜಾಗ ಪೂರ್ತಿ ಫಾರ್ಮ್ಯಾಟ್ ಹೊಡೆದು ಅದೇ ಗೇಮ್‌ಗಳನ್ನ ಇನ್ನೊಂದ್ಸಲ ತುಂಬಿ ಕೊಟ್ಟ. ಕಂಪನಿಯ 30 ಗೇಮ್ ಬೇರೆ ಜಾಗದಲ್ಲಿರೋದ್ರಿಂದ ಅವಕ್ಕೇನೂ ಆಗಿಲ್ಲ, ಜೆಲ್ಡಾ ಸೇವ್ ಮಾತ್ರ ಇಲ್ಲ. ಕೇಳಿದ್ರೆ ಗ್ಯಾರಂಟಿ ಇಲ್ಲ ಅಂದ್ನಲ್ಲ ಅಂತಾನೆ. ಅಷ್ಟೊಂದು ಗೇಮ್ ಕಾಪಿ ಮಾಡಿ ದುಡ್ಡಿಗೆ ಮಾರೋದೇ ಕಾನೂನುಬಾಹಿರ, ರಸೀದಿನೂ ಇಲ್ಲ, ನಾನು ಯಾರ ಹತ್ರ ಹೋಗಿ ಕಂಪ್ಲೇಂಟ್ ಕೊಡ್ಲಿ? ಮಗಳು ಅಳ್ಲಿಲ್ಲ, ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕ್ಕೊಂಡ್ಲು, ಅದು ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಯ್ತು.

ಕೊನೆಗೆ ಹ್ಯಾಕ್ಚಿ ಹಾಕ್ಕೊಂಡು ನಾನೇ ಕೂತೆ. ಎರಡು ರಾತ್ರಿ ಕಂಪ್ಯೂಟರ್‌ಗೆ ಕನ್ಸೋಲ್ ಕಾಣಿಸ್ಲೇ ಇಲ್ಲ, ಸತ್ತೇಹೋಯ್ತು ಅನ್ಕೊಂಡೆ. ನೋಡಿದ್ರೆ ಬಾಕ್ಸಲ್ಲಿ ಬಂದಿದ್ದ ಯುಎಸ್‌ಬಿ ಕೇಬಲ್ ಅಂಗಡಿಲೇ ಉಳ್ಕೊಂಡು, ಅವನು ಕೊಟ್ಟಿದ್ದ ಸಣಕಲು ಕೇಬಲ್ ಬರೀ ಚಾರ್ಜ್ ಆಗೋದು, ಡೇಟಾ ಹೋಗೋದೇ ಇಲ್ಲ. ಹಳೇ ಫೋನಿನ ಕೇಬಲ್ ಹಾಕಿದ ತಕ್ಷಣ ಸಿಕ್ತು. ಆದ್ರಿಂದ ಯಾರಿಗೇ ಕೊಟ್ರೂ ಕೇಬಲ್ ಮನೇಲೇ ಇಟ್ಕೊಳ್ಳಿ.

ನಾನು ಹೆದರಿದ್ದಷ್ಟು ಕಷ್ಟ ಏನಿಲ್ಲ ಇದು. ಕನ್ಸೋಲ್ ಆಫ್ ಇರ್ಬೇಕು, ರೀಸೆಟ್ ಒತ್ತಿ ಹಿಡ್ಕೊಂಡೇ ಪವರ್ ಒತ್ಬೇಕು, ಲೈಟ್ ಹತ್ಕೊಳ್ಳಲ್ಲ, ಆಗ ಕಂಪ್ಯೂಟರಿಂದ ಸಾಫ್ಟ್‌ವೇರ್ ಹಾಕೋಕೆ ಬಿಡೋ ಎಫ್‌ಇಎಲ್ ಮೋಡ್‌ಗೆ ಹೋಗಿದೆ ಅಂತ ಅರ್ಥ. ಈ ಮೋಡ್ ಚಿಪ್ ಒಳಗೇ ಇರೋದ್ರಿಂದ ಕರ್ನಲ್, ಅಂದ್ರೆ ಕನ್ಸೋಲನ್ನ ನಡೆಸೋ ಮೂಲ ಸಾಫ್ಟ್‌ವೇರ್, ಕೆಟ್ಟೋದ್ರೂ ವಾಪಸ್ ತರೋಕೆ ದಾರಿ ಇರುತ್ತೆ. ಆದ್ರೆ ಬೇರೆ ಏನೇ ಮಾಡೋ ಮುಂಚೆ ಮೂಲ ಕರ್ನಲನ್ನ ಡಂಪ್ ಮಾಡಿ (ಕಾಪಿ ತೆಗೆದು) ಕಂಪ್ಯೂಟರಲ್ಲೊಂದು, ಪೆನ್‌ಡ್ರೈವಲ್ಲೊಂದು ಇಟ್ಕೊಳ್ಳಿ, ನನ್ನ ಅಂಗಡಿಯವನು ಆ ಡಂಪನ್ನೂ ಇಟ್ಟಿರ್ಲಿಲ್ಲ. ಕನ್ಸೋಲ್‌ಗೆ ಹೊಸ ಸಾಫ್ಟ್‌ವೇರ್ ಬರೀತಿರೋವಾಗ, ಅಂದ್ರೆ ಫ್ಲಾಶ್ ಆಗ್ತಿರೋವಾಗ, ಕೇಬಲ್ ಮುಟ್ಲೇಬೇಡಿ. ಹಳೇ ಕ್ಯಾಸೆಟ್‌ಗಳ '9999 ಇನ್ 1' ಥರದ್ದು ಹಾಕೋಕೆ ಹೋಗ್ಬೇಡಿ, ಒಳಗಿರೋ ಎಮ್ಯುಲೇಟರ್‌ಗೆ (ಹಳೇ ಗೇಮ್ ಓಡ್ಸೋ ಸಾಫ್ಟ್‌ವೇರ್‌ಗೆ) ಅಂಥವು ಅರ್ಥ ಆಗಲ್ಲ. ದೊಡ್ಡ ಗೇಮ್ ಬೇಕೇ ಬೇಕು ಅಂದ್ರೆ ಪೆನ್‌ಡ್ರೈವ್ ಸಿಕ್ಕಿಸೋಕೆ ಬರೋ ಒಟಿಜಿ ಹಬ್ ಹಾಕಿ ಪೆನ್‌ಡ್ರೈವಿಂದ ಓಡ್ಸಿ, ಒಳಗಿನ ಜಾಗ ಸೇವ್‌ಗೆ ಬಿಡಿ.

ನಾನು 700ನ್ನೂ ಕಿತ್ತಾಕಿ ಕಾಂಟ್ರಾ ಒಂದೇ ಹಾಕ್ದೆ, ಅದೂ ನನ್ನ ಹತ್ರ ಇರೋ ಕಾರ್ಟ್ರಿಡ್ಜಿಂದ ಕಾಪಿ ತೆಗೆದಿದ್ದು. ಅಣ್ಣ ಬಂದವನೇ ಕಂಟ್ರೋಲರ್ ಕೈಗೆ ತಗೊಂಡು, ಕೇಬಲ್ ಮುಕ್ಕಾಲು ಮೀಟರ್ ಅಷ್ಟೇ ಇರೋದ್ರಿಂದ ಟಿವಿ ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಅಂತ ಒಂದೂ ತಪ್ಪದೆ ಒತ್ತಿ 30 ಲೈಫ್ ತಗೊಂಡ. ಮಗಳು ಪಕ್ಕದಲ್ಲೇ ಕೂತಿದ್ಲು. ಜೆಲ್ಡಾ ಮೊದಲಿಂದ ಶುರು ಮಾಡಿದಾಳೆ, ಈಗ ಮೂರನೇ ಡಂಜನ್, ಮ್ಯಾಪ್ ಇದ್ಯಲ್ಲ, ಬೇಗ ಬೇಗ ಹೋಗ್ತಿದಾಳೆ.

ಈಗಾಗ್ಲೇ ಯಾರ ಹತ್ರಾನೋ ಗೇಮ್ ತುಂಬ್ಸಿದೀರಿ ಅಂದ್ರೆ, ಹ್ಯಾಕ್ಚಿಲಿ ಸೇವ್ ಸ್ಟೇಟ್ ಮ್ಯಾನೇಜರ್ ಅಂತ ಇದೆ, ಇವತ್ತು ರಾತ್ರಿನೇ ಅದನ್ನ ತೆಗೆದು ಮಕ್ಕಳ ಸೇವ್ ಎಲ್ಲ ಕಂಪ್ಯೂಟರ್‌ಗೆ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ, ಐದು ನಿಮಿಷದ ಕೆಲಸ.