ಫಲಕದ ಮೇಲೆ 1 ಕಿಲೋವ್ಯಾಟ್, ಬಳಕೆಗೆ 65 ವ್ಯಾಟ್: ಹೊಳೆ ಟರ್ಬೈನ್ ಕೊಳ್ಳುವ ಮುನ್ನ ಓದಿ

ಅಣೆಕಟ್ಟು ಬೇಡ, ಕಾಲುವೆ ಬೇಡ, ತೆಪ್ಪಕ್ಕೆ ಕಟ್ಟಿ ಹರಿಯುವ ನೀರಿಗೆ ಇಳಿಬಿಟ್ಟರೆ ಹಗಲೂ ರಾತ್ರಿಯೂ ಕರೆಂಟು ಎಂದು ಹೇಳಿ ಮಾರುವ ಸಣ್ಣ ಟರ್ಬೈನ್‌ಗಳ ಬಗ್ಗೆ ಈ ಎಚ್ಚರಿಕೆ. ಇಲ್ಲಿ ಹೇಳುತ್ತಿರುವ ಯಂತ್ರದ ರೋಟರ್, ಅಂದರೆ ನೀರಿಗೆ ತಿರುಗುವ ಚಕ್ರ, ಒಂದು ಮೀಟರ್ ವ್ಯಾಸದ್ದು. ಮೂರು ಬ್ಲೇಡ್, ನೇರವಾಗಿ ಜೋಡಿಸಿದ ಕಾಯಂ ಅಯಸ್ಕಾಂತದ ಜನರೇಟರ್, 24 ವೋಲ್ಟ್ ಬ್ಯಾಟರಿ. ಫಲಕದ ಮೇಲೆ 1000 ವ್ಯಾಟ್ ಎಂದು ಕೆತ್ತಿತ್ತು. ಏಳು ತಿಂಗಳಲ್ಲಿ ಅದು ಒಮ್ಮೆಯೂ ಸಾವಿರ ಮುಟ್ಟಲಿಲ್ಲ, ಕೊನೆಗೆ ಮೊದಲ ನೆರೆಗೇ ಕೊಚ್ಚಿಹೋಯಿತು. ಯಂತ್ರ ನಕಲಿಯೇನಲ್ಲ, ಫಲಕದಲ್ಲಿದ್ದದ್ದು ಸುಳ್ಳೂ ಅಲ್ಲ. ಆ ಸಾವಿರದ ಕೆಳಗೆ ಸಣ್ಣ ಅಕ್ಷರದಲ್ಲಿ "ಸೆಕೆಂಡಿಗೆ 2 ಮೀಟರ್ ವೇಗದಲ್ಲಿ" ಎಂದಿತ್ತು. ಎಡವಿದ್ದು ಅಲ್ಲೇ.

ಹರಿಯುವ ನೀರಿನ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರಿಳಿಯುತ್ತದೆ. ಒಂದು ಚದರ ಮೀಟರ್ ಅಡ್ಡಳತೆಯಲ್ಲಿ ಸೆಕೆಂಡಿಗೆ 2 ಮೀಟರ್ ವೇಗದ ನೀರಿಗೆ 4000 ವ್ಯಾಟ್ ಇದ್ದರೆ, 1 ಮೀಟರ್ ವೇಗದ ನೀರಿಗೆ 500, ಅರ್ಧ ಮೀಟರ್ ವೇಗದ್ದಕ್ಕೆ ಬರೀ 62. ಅಂದರೆ ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲು. ಅದರಲ್ಲೂ ಎಷ್ಟೇ ಚೆನ್ನಾದ ರೋಟರ್ ಆದರೂ 59.3 ಶೇಕಡಾಕ್ಕಿಂತ ಹೆಚ್ಚು ಹಿಡಿಯಲಾರದು. ಇದು ಬೆಟ್ಜ್ ಮಿತಿ, ಗಾಳಿಯಂತ್ರಕ್ಕೂ ಅದೇ. ಜನರೇಟರ್ ನಷ್ಟವೂ ಸೇರಿದರೆ ಸಣ್ಣ ಯಂತ್ರದ ಕೈಗೆ ಬರುವುದು 25ರಿಂದ 35 ಶೇಕಡಾ.

ಒಂದು ಮೀಟರ್ ವ್ಯಾಸದ ರೋಟರ್ ಬಳಸುವ ಜಾಗ 0.785 ಚದರ ಮೀಟರ್. 2 ಮೀಟರ್ ವೇಗದಲ್ಲಿ ಅದರ ಪಾಲಿಗೆ 3140 ವ್ಯಾಟ್, 32 ಶೇಕಡಾ ಹಿಡಿದರೆ ಸರಿಯಾಗಿ ಸಾವಿರ. ಫಲಕದ ಲೆಕ್ಕ ಇದೇ.

ಮಾರಿದವರು ಜಾಗ ನೋಡಲು ಬಂದದ್ದು ಹೊಳೆ ತುಂಬಿದ್ದಾಗ. ನಡುಹರಿವಿಗೆ ಒಂದು ಕಡ್ಡಿ ಎಸೆದರು, 20 ಮೀಟರ್ ದಾಟಲು 10 ಸೆಕೆಂಡ್, "ನೋಡಿ, ಎರಡು ಮೀಟರ್ ಸೆಳವು" ಎಂದರು. ಅದು ಮೇಲ್ಮೈ ವೇಗ. ಆಳ ಹೋದ ಹಾಗೆ ಸೆಳವು ಇಳಿಯುತ್ತದೆ, ಆದ್ದರಿಂದ ತೇಲುವ ವಸ್ತುವಿನ ವೇಗವನ್ನು 0.85ರಿಂದ ಗುಣಿಸಬೇಕು. ಆ ದಿನವೂ ನಿಜವಾದ ವೇಗ 1.7, ಸಿಗಬಹುದಾದದ್ದು ಸುಮಾರು 615 ವ್ಯಾಟ್. ನೀರಿಳಿದ ತಿಂಗಳಲ್ಲಿ ಅದೇ 20 ಮೀಟರ್‌ಗೆ 19 ಸೆಕೆಂಡ್ ಹಿಡಿಯಿತು. 0.85ರಿಂದ ಗುಣಿಸಿದರೆ ವೇಗ 0.9. ಘನ ಮಾಡಿ ಲೆಕ್ಕ ಹಾಕಿದರೆ 91 ವ್ಯಾಟ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, ಕೇಬಲ್, ಆಮ್ಲದ ಬ್ಯಾಟರಿಯ ನಷ್ಟ ಎಲ್ಲ ಕಳೆದು ಬಳಕೆಗೆ ಉಳಿದದ್ದು 65ರ ಆಸುಪಾಸು.

ಅಳೆಯುವುದಾದರೆ ಹೀಗೆ ಅಳೆಯಿರಿ. ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ನೀರು ತುಂಬಿ ಮುಚ್ಚಳ ಬಿಗಿಯಿರಿ. ಖಾಲಿ ಬಾಟಲಿ ಗಾಳಿಗೆ ಓಡುತ್ತದೆ, ತುಂಬಿದ್ದು ನೀರಿನ ಜೊತೆ ಓಡುತ್ತದೆ. ನೇರ ಹರಿವಿರುವ ಕಡೆ 20 ಮೀಟರ್ ಗುರುತು ಹಾಕಿ. ಗುರುತಿಗಿಂತ ಐದಾರು ಮೀಟರ್ ಮೇಲೆಯೇ ಬಾಟಲಿ ಬಿಡಿ, ಟರ್ಬೈನ್ ನಿಲ್ಲುವ ಸಾಲಿನಲ್ಲೇ ಹತ್ತು ಸಲ ಬಿಡಿ, ಸುಳಿಗೆ ಸಿಕ್ಕ ಅಳತೆಗಳನ್ನು ಬಿಟ್ಟು ಸರಾಸರಿ ತೆಗೆಯಿರಿ. ಇದನ್ನು ವರ್ಷದ ಅತಿ ಕಡಿಮೆ ನೀರಿನ ತಿಂಗಳಲ್ಲಿ ಮಾಡದಿದ್ದರೆ ಅಳತೆಗೆ ಅರ್ಥವಿಲ್ಲ. ಅದೇ ತಿಂಗಳಲ್ಲಿ ಆಳವನ್ನೂ ನೋಡಿ: ಒಂದು ಮೀಟರ್ ರೋಟರ್‌ಗೆ ಮೇಲೆ ಒಂದಡಿ, ಕೆಳಗೆ ಒಂದೂವರೆ ಅಡಿ ಬಿಟ್ಟರೆ ಕಡೇಪಕ್ಷ 1.8 ಮೀಟರ್ ನೀರು ಬೇಕು. ಆಳ ಮತ್ತು ಸೆಳವು ಒಂದೇ ಕಡೆ ಸಿಗುವ ಹೊಳೆಗಳು ಕಡಿಮೆ. ಆಳದ ಮಡುವಿನಲ್ಲಿ ನೀರು ನಿಂತಂತಿರುತ್ತದೆ, ಸೆಳವಿರುವ ಕಡೆ ಮೊಣಕಾಲುದ್ದ.

65 ವ್ಯಾಟ್ ಎಂದರೂ ದಿನಕ್ಕೆ ಒಂದೂವರೆ ಯೂನಿಟ್, ತೆಗೆದು ಹಾಕುವಂಥದ್ದಲ್ಲ. ಆದರೆ ಮೊದಲ ಮೂರು ವಾರ ಅದೂ ಸಿಗಲಿಲ್ಲ. ಮೀಟರ್‌ನಲ್ಲಿ 26 ವೋಲ್ಟ್ ಕಾಣುತ್ತಿತ್ತು, ಆಂಪಿಯರ್ ಮಾತ್ರ 0.0. ರೋಟರ್ ಭರ್ರನೆ ತಿರುಗುತ್ತಿತ್ತು, ಬ್ಯಾಟರಿಗೆ ಏನೂ ಇಳಿಯುತ್ತಿರಲಿಲ್ಲ. ಕಾರಣ ವೈಂಡಿಂಗ್, ಅಂದರೆ ಜನರೇಟರ್ ಒಳಗಿನ ತಂತಿ ಸುರುಳಿ. ಆ ಜನರೇಟರ್ ನಿಮಿಷಕ್ಕೆ ಒಂದು ಸುತ್ತಿಗೆ 0.2 ವೋಲ್ಟ್ ಕೊಡುತ್ತಿತ್ತು, 24 ವೋಲ್ಟ್ ಬ್ಯಾಟರಿಗೆ ಕರೆಂಟು ಇಳಿಯಲು ಬೇಕಾದ 26 ವೋಲ್ಟ್ ಬರಲು 130 ಸುತ್ತು ಬೇಕು. 2 ಮೀಟರ್ ಸೆಳವಿನಲ್ಲಿ ರೋಟರ್ ಹಾಯಾಗಿ 150 ಸುತ್ತು ತಿರುಗುತ್ತದೆ, ತೊಂದರೆಯಿಲ್ಲ. 0.9 ಮೀಟರ್‌ನಲ್ಲಿ ಅದೇ ರೋಟರ್ ಚೆನ್ನಾಗಿ ಕೆಲಸ ಮಾಡುವುದು 70 ಸುತ್ತಿನ ಹತ್ತಿರ. ಹೊರೆ ಏನೂ ಇಲ್ಲದೆ ಓಡಿದರೆ 130ಕ್ಕೆ ಮುಟ್ಟುತ್ತದೆ, ಒಂದಿಷ್ಟು ಹೊರೆ ಬಿದ್ದೊಡನೆ ಕುಸಿಯುತ್ತದೆ. ಮೀಟರಿನ ವೋಲ್ಟ್ ನೋಡಿ "ಚಾರ್ಜ್ ಆಗ್ತಿದೆ" ಎಂದುಕೊಂಡವರೆಲ್ಲ ಮೋಸ ಹೋಗುವುದು ಇಲ್ಲೇ.

ಪರಿಹಾರ ಅಗ್ಗದ್ದೇ ಇತ್ತು. ಮೂರು ಫೇಸಿನ ಸುರುಳಿಗಳು ಡೆಲ್ಟಾದಲ್ಲಿದ್ದವು, ಅಂದರೆ ತ್ರಿಕೋನದಂತೆ ತುದಿಗೆ ತುದಿ ಸೇರಿದ್ದವು. ಮೂರರ ಒಂದೊಂದು ತುದಿಯನ್ನು ಒಟ್ಟಿಗೆ ಕಟ್ಟುವ ಸ್ಟಾರ್‌ಗೆ ಬದಲಿಸಿದರೆ ವೋಲ್ಟೇಜ್ 1.73 ಪಟ್ಟಾಗುತ್ತದೆ, 26 ವೋಲ್ಟ್ 75 ಸುತ್ತಿಗೇ ಸಿಗುತ್ತದೆ. ಸಂಕಟವೆಂದರೆ ಆರು ತುದಿಗಳೂ ರಾಳದ ಒಳಗೆ ಮುಚ್ಚಿಹೋಗಿದ್ದವು, ಹೊರಗೆ ಬಂದದ್ದು ಮೂರೇ ತಂತಿ. ಕೊರೆದು ಬಿಡಿಸಿ, ಮತ್ತೆ ರಾಳ ಸುರಿದು ಸರಿಮಾಡಬೇಕಾಯಿತು. ಆಮೇಲೆ ನೀರು ನುಗ್ಗಿದ್ದೂ ಅದೇ ಜಾಗದಿಂದ. ಆರು ತಂತಿ ಹೊರಗಿಲ್ಲದ ಜನರೇಟರನ್ನು ಮುಟ್ಟಬೇಡಿ. "ನಿಮಿಷಕ್ಕೆ 50, 100, 150 ಸುತ್ತಿನಲ್ಲಿ ಎಷ್ಟು ವೋಲ್ಟ್" ಎಂಬ ಪಟ್ಟಿ ಕೊಡದ ಮಾರಾಟಗಾರರನ್ನೂ. ಹಳೆ ಕಾರಿನ ಆಲ್ಟರ್ನೇಟರ್ ಹಾಕಿದರಾಯಿತು ಎನ್ನುವ ಸಲಹೆಯಂತೂ ಕೇಳಲೇಬೇಡಿ. ಅದಕ್ಕೆ ಸಾವಿರದ ಮೇಲೆ ಸುತ್ತು ಬೇಕು, ಇಲ್ಲಿರುವುದು 70.

12 ವೋಲ್ಟ್ ಬ್ಯಾಟರಿಗೆ ಇಳಿದುಬಿಟ್ಟರೆ ಸಾಕಲ್ಲ ಎಂದು ಕೇಳುವವರಿರುತ್ತಾರೆ. ಸಾಕು, ಬ್ಯಾಟರಿ ದಡದಲ್ಲೇ ಇದ್ದರೆ. ಮನೆ 120 ಮೀಟರ್ ದೂರವಿದ್ದು 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ ಹೋಗಿ ಬರುವ ದಾರಿಗೆ 1.7 ಓಮ್ ಆಗುತ್ತದೆ. 75 ವ್ಯಾಟನ್ನು 12 ವೋಲ್ಟಿನಲ್ಲಿ ಕಳಿಸಿದರೆ 6 ಆಂಪಿಯರ್, ಅದರಲ್ಲಿ 60 ವ್ಯಾಟ್ ತಂತಿ ಬಿಸಿ ಮಾಡುವುದಕ್ಕೇ ಹೋಗುತ್ತದೆ. 48 ವೋಲ್ಟಿನಲ್ಲಾದರೆ ನಷ್ಟ 4 ವ್ಯಾಟ್‌ನ ಆಸುಪಾಸು.

ಇನ್ನು ಕಂಟ್ರೋಲರ್. ಡಬ್ಬದಲ್ಲಿ ಬಂದದ್ದು ಸೌರ ಫಲಕದ ಮಾಮೂಲಿ ಚಾರ್ಜ್ ಕಂಟ್ರೋಲರ್. ಬ್ಯಾಟರಿ ತುಂಬಿದಾಗ ಅದು ಫಲಕದ ಸಂಪರ್ಕ ಕಡಿಯುತ್ತದೆ. ಸೌರ ಫಲಕಕ್ಕೆ ಅದರಿಂದ ಏನೂ ಆಗುವುದಿಲ್ಲ, ಟರ್ಬೈನ್‌ಗೆ ಮಾತ್ರ ಲಗಾಮು ಬಿಟ್ಟ ಕುದುರೆಯ ಸ್ಥಿತಿ. ನೀರು ಏರಿ ಸೆಳವು 2.5 ಮೀಟರ್ ಆದ ರಾತ್ರಿ ಬ್ಯಾಟರಿ ತುಂಬಿತ್ತು. ಹೊರೆಯಿಲ್ಲದ ರೋಟರ್ 350 ಸುತ್ತಿಗೆ ಏರಿ, ಸ್ಟಾರ್ ಜೋಡಣೆಯಲ್ಲಿ 120 ವೋಲ್ಟ್ ದಾಟಿತು. ಕಂಟ್ರೋಲರ್ ತಾಳುವುದು 60. ಬೆಳಿಗ್ಗೆ ನೋಡಿದರೆ ಒಳಗಿನ ಕೆಪಾಸಿಟರ್ ಒಡೆದು ಮುಚ್ಚಳದ ಅಂಚಿನಿಂದ ಕಂದು ಅಂಟು ಸೋರಿತ್ತು. ಬೇಕಾದದ್ದು ಹೆಚ್ಚುವರಿ ಕರೆಂಟನ್ನು ಹೀಟರ್ ಸುರುಳಿಗೆ ತಿರುಗಿಸುವ ಡಂಪ್ ಲೋಡ್ ಕಂಟ್ರೋಲರ್. ಆ ಹೀಟರ್ ಜನರೇಟರಿನ ಪೂರ್ತಿ ಸಾಮರ್ಥ್ಯವನ್ನು ನುಂಗುವಷ್ಟಿರಬೇಕು, ಇಲ್ಲಿ ಕನಿಷ್ಠ 1200 ವ್ಯಾಟ್. ಜೊತೆಗೆ ಮೂರೂ ಫೇಸನ್ನು ಒಟ್ಟಿಗೆ ಶಾರ್ಟ್ ಮಾಡುವ ಸ್ವಿಚ್ ಒಂದು ದಡದಲ್ಲಿರಲಿ. ನೀರು ಕಡಿಮೆಯಿದ್ದಾಗ ಅದನ್ನು ಹಾಕಿದರೆ ರೋಟರ್ ನಿಲ್ಲುತ್ತದೆ. ನೆರೆಯಲ್ಲಿ ಹಾಕಿದರೆ ಸುರುಳಿಯೇ ಸುಡಬಹುದು, ಆದ್ದರಿಂದ ಅದನ್ನೇ ನಂಬಿ ಕೂರಬೇಡಿ.

ತೆಪ್ಪ ಹೋದ ಬಗೆ ಹೀಗೆ. 30 ಮೀಟರ್ ಅಗಲಕ್ಕೆ 8 ಮಿಲಿಮೀಟರ್ ವೈರ್ ರೋಪನ್ನು ದಡದಿಂದ ದಡಕ್ಕೆ ಬಿಗಿಯಾಗಿ ಎಳೆದು, ನಡುವಿಗೆ ತೆಪ್ಪ ಕಟ್ಟಿದ್ದರು. ಬಿಗಿ ಇದ್ದಷ್ಟೂ ಭದ್ರ ಎಂಬ ಭ್ರಮೆ. ನಿಜ ಅದರ ತದ್ವಿರುದ್ಧ. ನಡುವೆ ಒಂದೇ ಮೀಟರ್ ಜಗ್ಗು ಬಿಟ್ಟರೆ ಹಗ್ಗದ ಮೇಲಿನ ಬಿಗಿತ ತೆಪ್ಪದ ಎಳೆತದ ಏಳೂವರೆ ಪಟ್ಟು. ಮೂರು ಮೀಟರ್ ಜಗ್ಗು ಬಿಟ್ಟರೆ ಎರಡೂವರೆ ಪಟ್ಟು. 0.9 ಮೀಟರ್ ಸೆಳವಿನಲ್ಲಿ ರೋಟರ್ ಎಳೆಯುವುದು 30 ಕಿಲೋ ಭಾರದಷ್ಟು, ಯಾರಿಗೂ ಗೊತ್ತೇ ಆಗುವುದಿಲ್ಲ. 3 ಮೀಟರ್‌ಗೆ ಏರಿದರೆ 320 ಕಿಲೋ, ಹಗ್ಗದ ಮೇಲೆ ಎರಡು ಟನ್‌ಗೂ ಹೆಚ್ಚು. ಹೊಸ ಹಗ್ಗ ಅದನ್ನು ತಡೆದೀತು. ತಡೆಯಲಾಗದ್ದು ಕಸ. ಕೊಂಬೆ, ಬಿದಿರು, ಚೀಲಗಳು ತೆಪ್ಪದ ಮೂತಿಗೆ ಸಿಕ್ಕಿ ಎರಡು ಚದರ ಮೀಟರಿನ ಚಾಪೆ ಕಟ್ಟಿದರೆ ಅದೊಂದೇ ಒಂದು ಟನ್ನಿಗೂ ಮಿಕ್ಕಿ ಎಳೆಯುತ್ತದೆ. ಏಳೂವರೆಯಿಂದ ಗುಣಿಸಿ ನೋಡಿ.

ಹಗ್ಗ ತುಂಡಾಗಲಿಲ್ಲ, ಮಡಚಿದ ತುದಿಯನ್ನು ಹಗ್ಗಕ್ಕೇ ಬಿಗಿಯುವ ಯು ಕ್ಲಾಂಪ್‌ಗಳಿಂದ ಜಾರಿತು. ಕ್ಲಾಂಪಿನ ದಪ್ಪ ತಳ ಎಳೆತ ಬೀಳುವ ಹಗ್ಗದ ಮೇಲೆ ಕೂರಬೇಕು, ಯು ಬಾಗು ಗಿಡ್ಡ ತುದಿಯ ಮೇಲೆ. ಇಲ್ಲಿ ಮೂರರಲ್ಲಿ ಎರಡು ತಿರುಗುಮುರುಗಾಗಿದ್ದವು. ಹೊರೆ ಬಿದ್ದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯುವುದನ್ನೂ ಯಾರೂ ಮಾಡಿರಲಿಲ್ಲ.

ಅಡ್ಡಹಗ್ಗದ ಬದಲು ಮೇಲ್ಹರಿವಿನಲ್ಲಿ ಒಂದೇ ಲಂಗರಿಗೆ ಉದ್ದ ಹಗ್ಗದಲ್ಲಿ ತೆಪ್ಪ ಕಟ್ಟಿ, ಎರಡನೇ ಹಗ್ಗವನ್ನು ಸಡಿಲವಾಗಿ ದಡದ ಬಂಡೆಗೋ ಮರಕ್ಕೋ ಬಿಡಿ. ಮೊದಲನೆಯದು ಬಿಟ್ಟರೆ ತೆಪ್ಪ ತಾನೇ ವಾಲಿ ದಡ ಸೇರುತ್ತದೆ. ರೋಟರನ್ನು ಒಬ್ಬರೇ ನೀರಿನಿಂದ ಮೇಲೆತ್ತಲು ಬರುವ ತಿರುಗಣೆ ಇಲ್ಲದ ಚೌಕಟ್ಟು ಕೆಲಸಕ್ಕೆ ಬಾರದು, ಏಕೆಂದರೆ ನೆರೆಗೆ ಮದ್ದು ಅದೊಂದೇ.

ಕಸದ ವಿಷಯದಲ್ಲಿ ದೊಡ್ಡವರೂ ಪಾಡು ಪಟ್ಟಿದ್ದಾರೆ. ಅಲಾಸ್ಕಾದ ರೂಬಿ ಎಂಬ ಹಳ್ಳಿಯಲ್ಲಿ 2008ರಲ್ಲಿ ಯೂಕಾನ್ ನದಿಗೆ ಇಳಿಸಿದ 5 ಕಿಲೋವ್ಯಾಟಿನ ಟರ್ಬೈನನ್ನು ಕಾಡಿದ್ದು ತೇಲಿಬರುವ ಮರಗಳೇ. ಅಲ್ಲಿನ ವಿಶ್ವವಿದ್ಯಾಲಯದವರು ಆಮೇಲೆ ನೆನಾನಾದಲ್ಲಿ ಬಾಣದ ತುದಿಯಂಥ ತೇಲುವ ತಡೆಯೊಂದನ್ನು ಪರೀಕ್ಷಿಸಿದರು. ಅದರ ಮೂತಿಯಲ್ಲಿ ತಿರುಗುವ ಉರುಳೆ, ಬಡಿದ ದಿಮ್ಮಿ ಸಿಕ್ಕಿಕೊಳ್ಳದೆ ಪಕ್ಕಕ್ಕೆ ಜಾರಲಿ ಎಂದು. ಸಣ್ಣ ಯಂತ್ರಕ್ಕೂ ಅದೇ ಉಪಾಯ ಸಾಕು. ರೋಟರ್ ಮುಂದೆ ಚೌಕದ ಜಾಲರಿ ಮಾತ್ರ ಕಟ್ಟಬೇಡಿ. ಅರ್ಧ ದಿನದಲ್ಲಿ ಎಲೆ, ಜೊಂಡು ಹತ್ತಿ ಅದೇ ಗೋಡೆಯಾಗುತ್ತದೆ, ನೀರು ಪಕ್ಕದಿಂದ ಹೋಗುತ್ತದೆ. ಮೀನಿನ ಬಲೆಯ ನೈಲಾನ್ ದಾರ ಇನ್ನೂ ಕೆಟ್ಟದ್ದು. ಶಾಫ್ಟಿಗೆ ಸುತ್ತಿಕೊಂಡು, ಒಳಗೆ ನೀರು ಬಿಡದ ಸೀಲಿನ ತುಟಿಯನ್ನು ಗರಗಸದ ಹಾಗೆ ಕೊಯ್ಯುತ್ತದೆ, ಮರಳು ನೀರು ಬೇರಿಂಗಿಗೆ ಇಳಿಯುತ್ತದೆ. ಜನರೇಟರ್ ನೀರಿನ ಮೇಲಿದ್ದು ನಿಂತ ಶಾಫ್ಟ್ ಮಾತ್ರ ಕೆಳಗಿಳಿಯುವ ಮಾದರಿಗೆ ಈ ಕಾಟವಿಲ್ಲ, ಆದರೆ ಆ ಬಗೆಯ, ಬ್ಲೇಡ್‌ಗಳೂ ನಿಂತಂತಿರುವ ಡೇರಿಯಸ್ ರೋಟರ್ ಮಂದ ಸೆಳವಿನಲ್ಲಿ ತಾನಾಗಿ ಹೊರಡದೆ ಸತಾಯಿಸುತ್ತದೆ.

ದೋಣಿ ಓಡುವ ನೀರಾದರೆ ಅನುಮತಿ, ರಾತ್ರಿ ದೀಪ, ಗುರುತಿಗೆ ಬಣ್ಣದ ತೇಲುಬುರುಡೆ ಎಲ್ಲ ಬೇಕು. ಅದು ಬೇರೆ ತಲೆನೋವು.

ಹಣ ಕೊಡುವ ಮೊದಲು ಇನ್ನೊಂದು ಅಳತೆ ಮಾಡಿ. 0.9 ಮೀಟರ್ ವೇಗದ ನೀರಿನಲ್ಲಿರುವ ಶಕ್ತಿ ನಾಲ್ಕು ಸೆಂಟಿಮೀಟರ್ ಎತ್ತರದಿಂದ ಬಿದ್ದ ನೀರಿನದಕ್ಕೆ ಸಮ. ನಾಲ್ಕು ಬೆರಳಗಲವೂ ಇಲ್ಲ. ಅದೇ ಹೊಳೆ ನೂರಿನ್ನೂರು ಮೀಟರ್ ಉದ್ದದಲ್ಲಿ ಎರಡು ಮೀಟರ್ ಇಳಿಯುತ್ತಿದ್ದರೆ, ಅಡ್ಡಗಟ್ಟದೆ ಒಂದು ಪಕ್ಕದಿಂದ ಸೆಕೆಂಡಿಗೆ 20 ಲೀಟರ್ ಮಾತ್ರ ಪೈಪಿಗೆ ತಿರುಗಿಸಿ ಸಣ್ಣ ಟರ್ಬೈನಿಗೆ ಬಿಟ್ಟರೂ, ಅರ್ಧದಷ್ಟು ನಷ್ಟ ಕಳೆದು 195 ವ್ಯಾಟ್ ಬರುತ್ತದೆ. ಯಂತ್ರ ದಡದ ಮೇಲೆ ಒಣಗಿರುತ್ತದೆ, ಕಸದ ಜಾಲರಿ ಕೈಗೆಟಕುತ್ತದೆ. ಪೈಪಿನ ಅಗಲ 200 ಮಿಲಿಮೀಟರ್‌ಗಿಂತ ಕಡಿಮೆ ಬೇಡ, ತಿಕ್ಕಾಟಕ್ಕೇ ಎತ್ತರವೆಲ್ಲ ಕರಗಿಹೋಗುತ್ತದೆ. ಇಳಿಜಾರು ಅಳೆಯಲು ಗಾರೆಯವರ ಮಟ್ಟದ ಪೈಪು ಸಾಕು: ಪಾರದರ್ಶಕ ಕೊಳವೆಗೆ ಗುಳ್ಳೆಯಿಲ್ಲದೆ ನೀರು ತುಂಬಿ, ಎರಡು ಕೋಲಿಗೆ ಕಟ್ಟಿ, ಹತ್ತತ್ತು ಮೀಟರ್‌ಗೆ ಒಮ್ಮೆ ವ್ಯತ್ಯಾಸ ಬರೆದುಕೊಳ್ಳುತ್ತಾ ದಡದುದ್ದಕ್ಕೂ ಮೇಲೆ ನಡೆಯಿರಿ. ಅರ್ಧ ದಿನದ ಕೆಲಸ.