ವರ್ಕ್‌ಪ್ಲೇಸ್ ಏಳ್ ವರ್ಷ ಬಳಸಿ ಬಿಟ್ಟೀವಿ: ಉದ್ಯಮಬಾಗದ ಫೌಂಡ್ರಿಯಿಂದ ನನ್ನ ವಿಮರ್ಶೆ

ಬಳಸಿದ್ದು: ಮೆಟಾದ (ಫೇಸ್‌ಬುಕ್‌ನವ್ರ) ವರ್ಕ್‌ಪ್ಲೇಸ್, ಅಂದ್ರ ಕಂಪ್ನಿ ಒಳಗಿನ ಮಾತುಕತಿ, ಸುದ್ದಿಗೆ ಇದ್ದ ಆ್ಯಪ್, 2018ರಿಂದ 2025ರ ಜುಲೈ ತನಕಾ. ಎಲ್ಲಿ: ಬೆಳಗಾವಿ ಉದ್ಯಮಬಾಗ, ಫೌಂಡ್ರಿ (ಕಬ್ಬಿಣಾ ಕರಗಿಸಿ ಎರಕ ಹೊಯ್ಯೂ ಕಾರ್ಖಾನೆ) ಮತ್ತ ಮಶೀನ್ ಶಾಪ್, ಮೂರ್ ಶಿಫ್ಟ್, 220 ಮಂದಿ. ನನ್ನ ಕೆಲ್ಸ ಎಚ್‌ಆರ್, ಆ್ಯಪ್‌ನ ಅಡ್ಮಿನ್ನೂ ನಾನ. ಸ್ಟಾರ್: ಆ್ಯಪ್‌ಗೆ 5ಕ್ಕ 4.5, ನಾವ್ ಬಿಟ್ಟು ಹೊಸಾದಕ್ಕ ಹೋದ ರೀತಿಗೆ 3.

ಇನ್ನೂ ಅದ್ರಾಗ ಹಳೇ ಸಾಮಾನ ಬಿಟ್ಟವ್ರು ಯಾರರ ಇದ್ರ ಮೊದ್ಲ ತಾರೀಖ ನೋಡ್ಕೋರಿ. ಬಂದ್ ಮಾಡ್ತೀವಿ ಅಂತ ಮೆಟಾ ಹೇಳಿದ್ದು 2024ರ ಮೇ 14ಕ್ಕ. 2025ರ ಆಗಸ್ಟ್ 31ರ ತನಕಾ ಎಲ್ಲಾ ಮೊದ್ಲಿನಂಗ, ಸೆಪ್ಟೆಂಬರ್ 1ರಿಂದ ಓದೂದು ಮತ್ತ ಡೌನ್‌ಲೋಡ್ ಮಾಡ್ಕೊಳ್ಳೂದು ಅಷ್ಟ, ಹೊಸಾದ್ ಬರ್ಯಾಕ ಬರೂದಿಲ್ಲ. 2026ರ ಮೇ 31 ಕಡೀ ದಿನ. ನಾ ಇದನ್ನ ಬರ್ಯಾಕತ್ತಿದ್ದು 2026ರ ಮಾರ್ಚ್‌ನ್ಯಾಗ, ಅಂದ್ರ ಇನ್ನೂ ಟೈಮ್ ಐತಿ, ಆದ್ರ ಭಾಳ ಇಲ್ಲ.

ಆ್ಯಪ್ ಬಗ್ಗೆ ಹೇಳಬೇಕಂದ್ರ ನಂಗ ಅದ್ರ ಮ್ಯಾಲ ಪ್ರೀತಿ ಇತ್ತು, ಈಗೂ ಐತಿ. ಅದು 2016ರ ಅಕ್ಟೋಬರ್‌ನ್ಯಾಗ ಬಂದಿದ್ದು, ನೋಡಾಕ ಥೇಟ್ ಫೇಸ್‌ಬುಕ್, ಅದಕ್ಕ ನಮ್ಮ ಮೋಲ್ಡಿಂಗ್ (ಅಚ್ಚು ಮಾಡೂ) ಹುಡುಗೂರಿಗೆ ಯಾರೂ ಕಲಸಬೇಕಾಗ್ಲಿಲ್ಲ. ನಮ್ಮಲ್ಲಿ ಅರ್ಧಾಕ್ಕಿಂತ ಹೆಚ್ಚ್ ಮಂದಿಗೆ ಇಮೇಲ್ ಐಡಿ ಅನ್ನೂದ ಇರ್ಲಿಲ್ಲ, ಇದ್ರಾಗ ಒಂದ್ ಕೋಡ್ ಬರದ ಚೀಟಿ ಕೈಯಾಗ ಕೊಟ್ರ ಅವ್ರ ಅಕೌಂಟ್ ಸುರು. ಶಿಫ್ಟ್ ಮುಗ್ಯಾಕ ಬಂದಾಗ ಫರ್ನೇಸ್‌ನವ್ರು ಹೀಟ್ ನಂಬರ್ (ಒಂದ್ ಸಲಾ ಕರಗಿಸಿದ್ದರ ನಂಬರ್) ಹಾಕಿ ಫೋಟೋ ಹೊಡದ್ ಹಾಕೂದು, ಫೆಟ್ಲಿಂಗ್‌ನವ್ರು (ಎರಕ ತಗದು ಸ್ವಚ್ಛ ಮಾಡೂವ್ರು) ಬ್ಲೋಹೋಲ್ ಅಂದ್ರ ಗಾಳಿ ತೂತು ಕಂಡಿದ್ದನ್ನ ಅದ್ರ ಕೆಳಗ ಹಾಕೂದು, ಪೋಸ್ಟ್ ಯಾರ್ಯಾರು ನೋಡ್ಯಾರ ಅನ್ನೂದು ಹೆಸರ್ ಸಮೇತ ಕಾಣೂದು, ಇದೆಲ್ಲಾ ಮೊದ್ಲು ನಮ್ಮ ರಿಜಿಸ್ಟರ್‌ನ್ಯಾಗ ಎರಡ್ ದಿನ ಬಿಟ್ಟು ಗೊತ್ತ ಆಗ್ತಿತ್ತು.

2019ರ ಆಗಸ್ಟ್‌ನ್ಯಾಗ ಘಟಪ್ರಭಾ, ಮಲಪ್ರಭಾ, ಕೃಷ್ಣಾ ಎಲ್ಲಾ ತುಂಬಿ ಹರದಾಗ ನಮ್ಮಲ್ಲಿ ಗೋಕಾಕ ಕಡೆಯಿಂದ, ರಾಮದುರ್ಗ ಕಡೆಯಿಂದ ಬಂದು ಕೆಲ್ಸ ಮಾಡೂ ಹುಡುಗೂರು ಭಾಳ ಇದ್ರು. ಒಬ್ಬೊಬ್ರಿಗೆ ಫೋನ್ ಹಚ್ಚಿದ್ರ ಲೈನ್ ಸಿಗವಲ್ದು. ಗ್ರೂಪ್‌ನ್ಯಾಗ ಒಂದ್ ಪೋಸ್ಟ್ ಹಾಕಿದ್ವಿ, ಎಲ್ಲಿದ್ದೀರಿ, ಮನೀ ಮಂದಿ ಆರಾಮ ಅದಾರೇನು, ಏನರ ಬೇಕಾ ಅಂತ. ನೆಟ್ ಸಿಕ್ಕಾಗ ಒಬ್ಬೊಬ್ರ ಉತ್ತರಾ ಹಾಕ್ಕೋತ ಬಂದ್ರು, ಎರಡ್ ದಿನದಾಗ ಎಲ್ಲಾರ ಸುದ್ದಿ ಸಿಕ್ತು. ಬಂದ್ ಆಗ್ತೈತಿ ಅಂತ ಓದಿದ ದಿನ ನಂಗ ಮೊದ್ಲು ನೆನಪಾಗಿದ್ದ ಆ ಪೋಸ್ಟ್.

ಆದ್ರೂ ನಾವ್ ಏಳ್ ತಿಂಗಳ ಸುಮ್ನ ಕುಂತ್ವಿ. ಇದನ್ನ ನಾ ಒಪ್ಕೋಬೇಕು. ಎರಡ್ ವರ್ಷ ಐತಲ್ಲ ಅಂದ್ವಿ. ಮ್ಯಾಲ 2024ರ ಸೆಪ್ಟೆಂಬರ್ 1ರಿಂದ ರೇಟ್ ಅರ್ಧಾ ಮಾಡಿದ್ರು, ಅದು ಬ್ಯಾರೆ ಆರಾಮ ಅನಿಸ್ತು, ಅರ್ಧಾ ರೊಕ್ಕದಾಗ ಇನ್ನೊಂದ್ ವರ್ಷ ಓಡಸೂಣು ಅಂದ್ರು ಅಕೌಂಟ್ಸ್‌ನವ್ರು. ಅರ್ಧಾ ರೇಟ್ ಅಂದ್ರ ಗಾಡಿ ಬ್ಯಾರೆಯವ್ರಿಗೆ ಮಾರಿದವ್ರು, ಅವ್ರಿಗೆ ಕೀಲಿ ಕೊಡೂ ತನಕಾ ನಿಮ್ಮ ಕಡೀನ ಇಟ್ಕೋರಿ ಅಂದಂಗ, ಗಾಡಿ ಏನ್ ನಮ್ಮದಾಗಲ್ಲ. ನಾವ್ ಎದ್ದಿದ್ದು 2025ರ ಜನವರಿಯಾಗ. ಇಷ್ಟ್ ಟೈಮ್ ಎಲ್ಲಾ ಸಲಾನೂ ಸಿಗೂದಿಲ್ಲ ನೋಡ್ರಿ, ಸ್ಕೈಪ್ ಬಂದ್ ಮಾಡ್ತೀವಿ ಅಂತ ಮೈಕ್ರೋಸಾಫ್ಟ್ ಹೇಳಿದ್ದು 2025ರ ಫೆಬ್ರುವರಿ 28ಕ್ಕ, ಬಂದ್ ಆಗಿದ್ದು ಮೇ 5ಕ್ಕ. ಎರಡ ತಿಂಗಳ ಮ್ಯಾಲ ಒಂದ್ ವಾರ. ಅಷ್ಟ ಟೈಮ್‌ನ್ಯಾಗ ನಾವು 220 ಮಂದಿನ್ನ ಸಾಗಸಬೇಕಾಗಿದ್ರ ಆಗ್ತಿರ್ಲಿಲ್ಲ, ಖಂಡಿತ ಆಗ್ತಿರ್ಲಿಲ್ಲ.

ನಮ್ಮ ತಾರೀಖ ಹೆಂಗ್ ಹಿಡದ್ವಿ ಅಂತ ಹೇಳ್ತೀನಿ, ಯಾಕಂದ್ರ ಇದು ಬೆಳಗಾವಿ ಮಂದಿಗೆ ಉಪಯೋಗ ಆಗ್ತದ. ಕ್ಯಾಲೆಂಡರ್ ತಗದ್ರ ಆಗಸ್ಟ್ 31 ಭಾನುವಾರ. ಗಣಪತಿ ಕುಂದ್ರೂದು ಆಗಸ್ಟ್ 27ಕ್ಕ, ವಿಸರ್ಜನೆ ಸೆಪ್ಟೆಂಬರ್ 6ಕ್ಕ. ಅಂದ್ರ ಸರೀ ಹಬ್ಬದ ನಟ್ಟನಡು ಹಳೇದು ನಿಲ್ಲತೈತಿ. ಆ ಹನ್ನೊಂದ್ ದಿನ ನಮ್ಮೂರಾಗ ಯಾರ ಮನಸೂ ಫೋನ್‌ನ್ಯಾಗಿನ ಹೊಸಾ ಆ್ಯಪ್ ಕಡೆ ಇರೂದಿಲ್ಲ, ಮಂಡಳದ ಹುಡುಗೂರೆಲ್ಲಾ ಅರ್ಧಾ ರಜಾ ಕೇಳಾಕ ನಿಂತಿರ್ತಾರ, ವಿಸರ್ಜನೆ ಮೆರವಣಿಗಿ ಮರುದಿನದ ಮಧ್ಯಾಹ್ನದ ತನಕಾ ನಡದಿರ್ತದ. ಮಾರ್ಚ್ ಅಂದ್ರ ಇಯರ್ ಎಂಡ್ ಡಿಸ್ಪ್ಯಾಚ್, ಮೇ ಅಂದ್ರ ಮದಿವಿ ಸೀಸನ್, ಎಲ್ಲಾರೂ ಊರಿಗೆ. ಉಳದಿದ್ದು ಜೂನ್ ಜುಲೈ, ಮಳಿ ಹತ್ತಿರ್ತದ, ಮಂದಿ ಊರಾಗ ಇರ್ತಾರ. ಅದಕ್ಕ ಜುಲೈ 1ಕ್ಕ ಹೊಸಾದು ಸುರು ಅಂತ ಬೋರ್ಡ್ ಮ್ಯಾಲ ಬರದ್ವಿ. ಮೆಟಾ ಕೊಟ್ಟ ಆಗಸ್ಟ್ 31 ನಮ್ಮದಲ್ಲ, ಅದಕ್ಕಿಂತ ಎರಡ್ ತಿಂಗಳ ಮೊದ್ಲಿಂದು ನಮ್ಮದು.

ವಾಟ್ಸಾಪ್ ಗ್ರೂಪ್ ಮಾಡಿದ್ರ ಮುಗೀತಲ್ಲ, ಪುಗಸಟ್ಟೆ ಐತಲ್ಲ ಅಂತ ನಮ್ಮ ಮಾಲಕ್ರೂ ಕೇಳಿದ್ರು. ನಾ ಗಟ್ಟಿಯಾಗಿ ಬ್ಯಾಡ ಅಂದೆ. ಕೋರ್ ಶಾಪ್‌ನ್ಯಾಗ (ಅಚ್ಚಿನ ಒಳಗಿಡೂ ಉಸುಕಿನ ಕೋರ್ ಮಾಡೂ ಕಡೆ) 30 ಮಂದಿ ಹೆಣ್ಣಮಕ್ಕಳ ಅದಾರ, ಗ್ರೂಪ್‌ನ್ಯಾಗ ಹಾಕಿದ್ರ ಅವ್ರ ನಂಬರ್ ಎಲ್ಲಾರ ಕೈಗೆ ಹೋಗ್ತದ. ಮತ್ತ ಕೆಲ್ಸಾ ಬಿಟ್ಟು ಹೋದವ್ರ ಫೋನ್‌ನ್ಯಾಗ ಗಿರಾಕಿಯವ್ರ ಡ್ರಾಯಿಂಗ್ ಹಂಗ ಉಳೀತಾವ, ಅದನ್ನ ಯಾರ್ ತಗಸ್ತಾರ? ಮಾಲಕ್ರು ಸ್ವಲ್ಪ ಹೊತ್ತ ಸುಮ್ನಿದ್ದು, "ಡ್ರಾಯಿಂಗ್ ಮಾತು ಖರೇ ಐತಿ ಬಿಡ್ರಿ ಮೇಡಂ" ಅಂದ್ರು. ನಂಗ ನಂಬರ್ ಮಾತ ದೊಡ್ಡದಿತ್ತು, ಇರ್ಲಿ.

ಈಗ ಮುಖ್ಯ ವಿಷಯಕ್ಕ ಬರ್ತೀನಿ. ಪ್ಯಾಟರ್ನ್ ಅಂದ್ರ ಉಸುಕಿನ್ಯಾಗ ಅಚ್ಚು ಮೂಡಸೂ ಮಾದರಿ. ನಮ್ಮಲ್ಲಿ ಒಬ್ರು ಪ್ಯಾಟರ್ನ್ ಮಾಡೂ ಕಾಕಾ ಇದ್ರು, 2022ರಾಗ ರಿಟೈರ್ ಆದ್ರು. ಕಟಗಿ ಪ್ಯಾಟರ್ನ್ ಅಂದ್ರ ಅವ್ರ ಕೈ. ಬೀಡ ಕಬ್ಬಿಣಾ ತಣ್ಣಗಾದಾಗ ನೂರಕ್ಕ ಒಂದರಷ್ಟ ಕುಗ್ಗತೈತಿ, 300 ಎಂಎಂ ಬೇಕಂದ್ರ ಪ್ಯಾಟರ್ನ್ 303 ಇರ್ಬೇಕು, ಇದು ಪುಸ್ತಕದಾಗೂ ಐತಿ. ಆದ್ರ ಆಷಾಢದ ಮಳ್ಯಾಗ ನಮ್ಮ ಶೆಡ್‌ನ್ಯಾಗ ಕಟಗಿ ಎಷ್ಟ ಉಬ್ಬತೈತಿ, ಯಾವ ಪ್ಯಾಟರ್ನಿಗೆ ಎಲ್ಲಿ ಕೆತ್ತಬೇಕು, ಯಾವುದಕ್ಕ ಬರೇ ಒಣಗಿಸಿದ್ರ ಸಾಕು, ಅದು ಅವ್ರಿಗಷ್ಟ ಗೊತ್ತ. ರಿಟೈರ್ ಆಗೂ ಮೊದ್ಲು ನಮ್ಮ ಹುಡುಗೂರು ಅವ್ರ ಹಿಂದ ನಿಂತು ಸಣ್ಣ ಸಣ್ಣ ವಿಡಿಯೋ ಮಾಡಿ ಗ್ರೂಪ್‌ಗೆ ಹಾಕಿದ್ರು, ಒಟ್ಟ 63. ಹೊಸಾ ಹುಡುಗೂರು ಕಲ್ತಿದ್ದ ಅದ್ರಿಂದ.

ಆ 63 ವಿಡಿಯೋ ಬ್ಯಾರೆ ಎಲ್ಲೂ ಇರ್ಲಿಲ್ಲ. ತಗದ ಫೋನ್‌ಗಳು ಯಾವಾಗ್ಲೋ ಹಾಳಾಗಿ ಹೋಗಿದ್ವು. ಫೆಬ್ರುವರಿಯಾಗ ಎಲ್ಲಾ ಡೌನ್‌ಲೋಡ್ ಮಾಡಿ ಹಾರ್ಡ್ ಡಿಸ್ಕ್‌ಗೆ ಹಾಕಿ ಜೀವ ತಣ್ಣಗಾತು ಅಂದ್ಕೊಂಡೆ. ಆಮ್ಯಾಲ ತಗದ್ ನೋಡಿದ್ರ ಒಂದಕ್ಕೂ ಪ್ಯಾಟರ್ನ್ ನಂಬರ್ ಇಲ್ಲ. ತಪ್ಪ್ ನಮ್ಮದ, ಹಾಕೂ ಮುಂದ "ಕಾಕಾ ಹೇಳ್ಯಾರ ನೋಡ್ರಿ" ಅಂತ ಬರದು ಬಿಟ್ಟಾರ. ಗ್ರೂಪ್‌ನ್ಯಾಗಿದ್ದಾಗ ಹಿಂದಿನ ಮುಂದಿನ ಮಾತ ನೋಡಿ ಇದು ಪಂಪ್ ಬಾಡಿದು, ಇದು ವಾಲ್ವ್‌ದು ಅಂತ ಗೊತ್ತಾಗ್ತಿತ್ತು, ಹೊರಗ ತಗದ್ ಮ್ಯಾಲ ಬರೇ ಕಟಗಿ ಮತ್ತ ಕೈ.

ಕಾಕಾನ್ನ ಕರಸಿದ್ವಿ. ಅನಗೋಳದಾಗ ಮನಿ, ಕರದ್ ದಿನಾನ ಬಂದ್ರು. ಮೀಟಿಂಗ್ ರೂಮ್‌ನ್ಯಾಗ ಟಿವಿಗೆ ಹಚ್ಚಿ ಒಂದೊಂದ ತೋರ್ಸಾಕ ಸುರು ಮಾಡಿದೆ, ಪ್ಯಾಟರ್ನ್ ಶಾಪ್‌ನ ಇಬ್ರು ಹುಡುಗೂರು ಬರ್ಕೊಳ್ಳಾಕ ಕುಂತ್ರು. ಒಂದ್ ತಾಸಿನ ಕೆಲ್ಸ ಅಂದ್ಕೊಂಡಿದ್ವಿ, ಮೂರ್ ದಿನ ಆತು. ಯಾಕಂದ್ರ ಅವ್ರು ಬರೇ ನಂಬರ್ ಹೇಳಿ ಬಿಡ್ಲಿಲ್ಲ. "ನಿಲ್ಲಸ ತಂಗಿ, ಇಲ್ಲಿ ನಾ ಅರ್ಧಾ ಹೇಳೀನಿ" ಅಂತ ನಿಲ್ಲಸಿ, ಆ ಪ್ಯಾಟರ್ನ ತರಸಿ, ಉಳದ ಅರ್ಧಾ ಹೇಳಿದ್ರು. ಅದನ್ನ ಮತ್ತ ವಿಡಿಯೋ ಮಾಡಿದ್ವಿ. ಒಂದ್ ಕಡೆ ಅವ್ರ ಹೇಳಿದ್ದ ಈಗ ಹೊಂದಂಗಿಲ್ಲ, ಆ ಮಶೀನ ಬದ್ಲಾಗೇತಿ, ಅದನ್ನ ತಗದ್ ಹಾಕ್ರಿ, ಯಾರರ ನೋಡಿ ತಪ್ಪ್ ಮಾಡ್ಯಾರು ಅಂದ್ರು. ಸಾಮಾನ ಸಾಗಸೂದು ಅಂದ್ರ ಫೈಲ್ ಎತ್ತಿ ಇಡೂದು ಅಂದ್ಕೊಂಡಿದ್ದೆ ನಾ. ಹೇಳಿದವ್ರು ಇನ್ನೂ ಬದುಕಿ ನಮ್ಮ ಕೂಡ ಇರೂ ಮುಂದ ಅವ್ರನ್ನ ಕುಂದರ್ಸಿ ಕೇಳೂದು ಅದಕ್ಕಿಂತ ದೊಡ್ಡ ಕೆಲ್ಸ, ಮತ್ತ ಅದಕ್ಕ ಟೈಮ್ ಬೇಕು. ಆಗಸ್ಟ್ ತನಕಾ ಕಾದಿದ್ರ ಈ ಮೂರ್ ದಿನಾ ಎಲ್ಲಿಂದ ತರ್ತಿದ್ವಿ?

ಉಳದ ಗ್ರೂಪ್ ಕಥಿ ಸಣ್ಣದು. 41 ಇದ್ವು, 17 ಅಷ್ಟ ಜೀವಂತ, ಉಳದದ್ದು ಹಾರ್ಡ್ ಡಿಸ್ಕ್‌ಗೆ. ಕೆಲ್ಸಾ ಬಿಟ್ಟವ್ರ ಅಕೌಂಟ್ ಮೊದ್ಲ ತಗದು, ಪೇಸ್ಲಿಪ್ ಮತ್ತ ಸೇಫ್ಟಿ ಕಾಗದಾ ಬ್ಯಾರೆ ಫೋಲ್ಡರ್. ಮಂದಿಗೆ ತಮ್ಮ ತಮ್ಮ ಚಾಟ್‌ನ್ಯಾಗ ಬೇಕಾದ್ದು ಇದ್ರ ತಕ್ಕೋರಿ ಅಂತ ಕನ್ನಡಾ, ಮರಾಠಿ, ಹಿಂದಿ ಮೂರೂ ಭಾಷೆದಾಗ ಗೇಟ್ ಹತ್ರ ಬೋರ್ಡ್ ಹಾಕಿದ್ವಿ, ಆ್ಯಪ್‌ನ್ಯಾಗಷ್ಟ ಹಾಕಿದ್ರ ಓದಂಗಿಲ್ಲ.

ಮೂರ್ ಸ್ಟಾರ್ ಯಾಕಂದ್ರ ಜೂನ್ ತಿಂಗಳಿಗೆ. ಜೂನ್ ಪೂರ್ತಿ ಹಳೇದೂ ಇರ್ಲಿ ಹೊಸಾದೂ ಇರ್ಲಿ, ಮಂದಿ ರೂಢಿ ಮಾಡ್ಕೊಳ್ಳಿ ಅಂತ ನಾನ ಹೇಳಿದ್ದೆ, ಒಳ್ಳೇದ್ ಮಾಡ್ತೀನಿ ಅಂತನ ಹೇಳಿದ್ದೆ. ಎರಡನೇ ವಾರದಾಗ ಒಂದ್ ರಾತ್ರಿ ಸೆಕೆಂಡ್ ಶಿಫ್ಟ್ ಸೂಪರ್‌ವೈಸರ್ ಹಳೇ ಗ್ರೂಪ್‌ನ್ಯಾಗ ಬರದಿದ್ರು, ಫರ್ನೇಸ್ ಲೈನಿಂಗ್ (ಒಳಗಿನ ಪದರ) ಒಂದ್ ಕಡೆ ತೆಳ್ಳಗಾದಂಗ ಕಾಣ್ತೈತಿ, ನೋಡೂ ತನಕಾ ಹೀಟ್ ಹಾಕಬ್ಯಾಡ್ರಿ ಅಂತ. ಥರ್ಡ್ ಶಿಫ್ಟ್‌ನವ್ರು ಹೊಸಾದ ನೋಡ್ತಿದ್ರು. ಚಾರ್ಜ್ (ಕರಗಿಸೂ ಕಬ್ಬಿಣಾ) ಹಾಕಾಕ ತಯಾರಿ ನಡದಿತ್ತು, ಒಬ್ಬ ಹಳೇ ಮೆಲ್ಟರ್ ದಿನಾ ಮಾಡೂವಂಗ ಒಳಗ ಬಗ್ಗಿ ನೋಡಿದ್ದಕ್ಕ ಗೊತ್ತಾತು, ನಿಲ್ಲಸಿದ್ರು. ಯಾರಿಗೂ ಏನೂ ಆಗ್ಲಿಲ್ಲ. ಕರಗಿದ ಕಬ್ಬಿಣಾ ಲೈನಿಂಗ್ ದಾಟಿ ಸುತ್ತಲಿನ ಕಾಯಿಲ್‌ನ್ಯಾಗಿನ ನೀರಿಗೆ ಹತ್ತಿದ್ರ ಸ್ಫೋಟ ಆಗ್ತದ, ಅದನ್ನ ಫೌಂಡ್ರಿಯಾಗ ಕೆಲ್ಸಾ ಮಾಡಿದವ್ರಿಗೆ ಹೇಳೂದ್ ಬ್ಯಾಡ. ಮರುದಿನ ಮುಂಜಾನೆ ನಾ ಹಳೇ ಗ್ರೂಪ್ ಎಲ್ಲಾದ್ರಾಗ ಪೋಸ್ಟ್ ಮಾಡೂದು ಬಂದ್ ಮಾಡಿದೆ. ಜುಲೈ 1ರ ತನಕಾ ಕಾಯಲಿಲ್ಲ. ನೀವ್ ಹೊಂಟಿದ್ರ ಎರಡೂ ಕೂಡಿ ನಡಸಬ್ಯಾಡ್ರಿ, ಕಡೀಗೆ ಶಿಫ್ಟ್ ಗ್ರೂಪ್ ಮತ್ತ ಸೇಫ್ಟಿ ಗ್ರೂಪ್ ಅರ ಒಂದ ದಿನ, ಒಂದ ಶಿಫ್ಟ್ ಬದ್ಲಾಗೂ ಹೊತ್ತಿಗೆ ದಾಟಸ್ರಿ, ಮತ್ತ ಒಂದ್ ವಾರ ಕಾಗದದ ರಿಜಿಸ್ಟರೂ ಜೋಡಿ ಇಡ್ರಿ.

ಹೊಸಾ ಆ್ಯಪ್ ಯಾವುದು ಅಂತ ಕೇಳ್ತೀರಿ. ಮೆಟಾ ತಾನ ತೋರ್ಸಿದ್ದು ವರ್ಕ್‌ವಿವೋ, ಅದನ್ನ ಝೂಮ್‌ನವ್ರು 2023ರಾಗ ತಗೊಂಡಾರ. ನಾವ್ ನಾಲ್ಕ್ ನೋಡಿ ಒಂದ್ ಹಿಡದೀವಿ, ಹೆಸರ್ ಹಾಕಂಗಿಲ್ಲ, ಯಾಕಂದ್ರ ಇನ್ನೂ ವರ್ಷ ತುಂಬಿಲ್ಲ, ಏಳ್ ವರ್ಷ ಬಳಸಿದ್ದರ ಜೋಡಿ ಅದನ್ನ ತೂಗಾಕ ಬರೂದಿಲ್ಲ. ಮಾರಾಕ ಬಂದ ಏಜೆಂಟ್ ಒಬ್ರು ಹಳೇದೆಲ್ಲಾ ಹಂಗ ಹೊಸಾದಕ್ಕ ಬರ್ತದ ಅಂದಿದ್ರು, ಲಿಖಿತ ಕೊಡ್ರಿ ಅಂದ ಕೂಡ್ಲೇ ಪೋಸ್ಟ್ ಬರ್ತಾವ, ಹಳೇ ತಾರೀಖ, ಕಾಮೆಂಟ್ ಬರಂಗಿಲ್ಲ ಅಂದ್ರು. ಅವ್ರನ್ನ ಬಿಟ್ವಿ. ಹಿಡದವ್ರ ಕಡೆ ಸಹಿ ಮಾಡೂ ಮೊದ್ಲು ಎರಡ್ ಮಾತ ಬರಸ್ಕೊಂಡೀವಿ: ಬಂದ್ ಮಾಡೂದಾದ್ರ ಕನಿಷ್ಠ ಆರ್ ತಿಂಗಳ ಮೊದ್ಲ ಹೇಳಬೇಕು, ಮತ್ತ ನಮ್ಮ ಡೇಟಾ ನಾವ್ ಕೇಳಿದಾಗ ಕೊಡಬೇಕು. ಎರಡನೇದನ್ನ ಪರೀಕ್ಷೆ ಮಾಡಾಕ ಮೊದಲ ತಿಂಗಳದಾಗ ಕೇಳಿದ್ವಿ, ಕೊಟ್ರು. ಈಗ ಪ್ರತಿ ತಿಂಗಳ ಮೊದಲ ಸೋಮವಾರ ಒಂದ್ ಪ್ರತಿ ಹಾರ್ಡ್ ಡಿಸ್ಕ್‌ಗೆ ಬರ್ತದ, ಪ್ಯಾಟರ್ನ್ ನಂಬರ್ ಇಲ್ದ ವಿಡಿಯೋ ಹಾಕಿದ್ರ ನಾ ವಾಪಸ್ ಕಳಸ್ತೀನಿ.

63ರಾಗ 61ಕ್ಕ ಗುರ್ತ ಸಿಕ್ಕೇತಿ. ಎರಡ್ ವಿಡಿಯೋದಾಗ ಪ್ಯಾಟರ್ನ್ ಪೂರ್ತಿ ಕಾಣೂದಿಲ್ಲ, ಕಾಕಾಗೂ ನೆನಪಾಗ್ಲಿಲ್ಲ. ಏಪ್ರಿಲ್‌ನ್ಯಾಗ ಅವ್ರು ಬರ್ತೀನಿ ಅಂದಾರ, ಸ್ಟೋರ್‌ನ ಅಟ್ಟದ ಮ್ಯಾಲಿನ ಹಳೇ ಪ್ಯಾಟರ್ನ್ ಎಲ್ಲಾ ಕೆಳಗ ಇಳಸಿ ಇಟ್ಟೀವಿ.